ಗುಬ್ಬಿಯಿಂದ ಬಂದ ಜ್ವರ

ಜ್ವರದ ಜಾಡು ಹಿಡಿದು ಹೊರಟವರಿಗೆ ಜ್ವರಕ್ಕಿಂತ ಮೊದಲು ನಗುವೇ ಸಿಗುತ್ತದೆ. ತುಮಕೂರಿನ ಆರೋಗ್ಯ ಇಲಾಖೆಯಲ್ಲಿ ಇಷ್ಟು ವರ್ಷ ದುಡಿದ ನನಗೆ ಅದು ತಪ್ಪಿದ್ದೇ ಇಲ್ಲ. ಕಳೆದ ವರ್ಷ ಕುಣಿಗಲ್ ಕಡೆಯ ಶಾಲೆಯೊಂದರ ಮಕ್ಕಳು ಪ್ರವಾಸದಿಂದ ಬರುತ್ತಾ ಫ್ಲೂ ಜ್ವರವನ್ನೂ ಕರೆತಂದರು. ಸೋಮವಾರ ಅಲ್ಲಿನ ಹುಡುಗಿಯರಿಗೆ ತುಮಕೂರಿನಲ್ಲಿ ಖೋ ಖೋ ಪಂದ್ಯ. ಯಾರಿಂದ ಯಾರಿಗೆ ಅಂಟಿತೆಂದು ತಿಳಿಯದಿದ್ದರೆ ಇಡೀ ತಂಡವನ್ನೇ ಐದು ದಿನ ಮನೆಯಲ್ಲಿ ಕೂರಿಸಬೇಕು. ತಂಡದ ನಾಯಕಿ ನನ್ನ ಸೆರಗು ಬಿಡಲೇ ಇಲ್ಲ.

೧. ಶಿಸ್ತು

"ಬಸ್ಸಲ್ಲಿ ಯಾರ ಪಕ್ಕ ಯಾರು ಕೂತಿದ್ರು ಸಾರ್?" ಎಂದು ಹೆಡ್‌ಮಾಸ್ಟರನ್ನು ಕೇಳಿದೆ.

"ಕೂರಿಸಿದ ಜಾಗದಿಂದ ಒಂದು ಮಗೂನೂ ಅಲ್ಲಾಡಿಲ್ಲ ಮೇಡಂ."

ಡ್ರೈವರನ್ನು ಕೇಳಿದೆ. "ಯಾರು ಕೂತಿದ್ರು ಬುಡಿ ಮೇಡಂ, ಎಲ್ಲಾ ಕುಣೀತಿದ್ವು. ಅಲ್ಲಾಡ್ದೆ ಇದ್ದಿದ್ದು ಹೆಡ್‌ಮಾಸ್ಟ್ರು ಒಬ್ರೇ. ನಿದ್ದೆ ಹೊಡೀತಿದ್ರು."

೨. ಸೂಜಿ

ಮೊದಲು ಮಲಗಿದ ಹುಡುಗಿಯ ಮನೆ ಮಾರ್ಕೋನಹಳ್ಳಿ ಹತ್ತಿರ. ಅಜ್ಜಿ ಬಾಗಿಲಲ್ಲೇ ತಡೆದರು. "ಜ್ವರಗಿರ ಏನಿಲ್ಲ ಕಣವ್ವ."

ಒಳಗಿಂದ ಕೆಮ್ಮು ಕೇಳಿಸಿತು.

"ಅದು ಕೆಮ್ಮಲ್ಲ, ನಾಚ್ಕೊತಾವ್ಳೆ."

"ನಾನು ಸೂಜಿ ಚುಚ್ಚಲ್ಲ ಅಜ್ಜಿ."

"ಹಂಗಂತ ಮೊದ್ಲೇ ಹೇಳ್ಬಾರ್ದಾ? ಬೆಳಿಗ್ಗೆಯಿಂದ ಕಾದ ಹೆಂಚು ಆಗೈತೆ ಮಗ, ಬಾ ಒಳಕ್ಕೆ."

೩. ಗುಬ್ಬಿ

"ಎಲ್ಲರೂ ಹಂಚ್ಕೊಂಡು ಏನು ತಿಂದ್ರಮ್ಮ?" ಎಂದು ಆ ಹುಡುಗಿಯನ್ನು ಕೇಳಿದೆ. "ಗುಬ್ಬಿ..." ಎನ್ನುವಷ್ಟರಲ್ಲಿ ಕೆಮ್ಮು ಒತ್ತರಿಸಿತು. ಬಸ್ಸು ತಿಂಡಿಗೆ ಗುಬ್ಬಿಯಲ್ಲಿ ನಿಂತಿತ್ತಲ್ಲ! ಅಷ್ಟು ದೂರ ಹೋಗಿ ಹೋಟೆಲಿನವನ ಜೀವ ತಿಂದೆ. ಆತ ಶಾಂತವಾಗಿ ಇಡ್ಲಿ ತಂದಿಟ್ಟ. "ನೀವೂ ತಿನ್ನಿ ಮೇಡಂ, ಜ್ವರ ಬಂದ್ರೆ ಆಮೇಲೆ ಬೈಯಿರಿ." ಎರಡು ಪ್ಲೇಟು ತಿಂದೆ, ಏನೂ ಬರಲಿಲ್ಲ.

೪. ಎಂಜಲು

ಸುದ್ದಿ ಕೇಳಿ ನಾಯಕಿ ಬಿದ್ದು ಬಿದ್ದು ನಕ್ಕಳು. "ಊರಲ್ಲ ಮಿಸ್, ಗುಬ್ಬಿ ಎಂಜಲು!" ಮಿಠಾಯಿಯನ್ನು ವೇಲಿನಲ್ಲಿ ಸುತ್ತಿ ಕಚ್ಚಿ ತೋರಿಸಿದಳು. ಬಟ್ಟೆ ಅಡ್ಡ ಇದ್ದರೆ ಎಂಜಲಾಗುವುದಿಲ್ಲವಂತೆ. ನೆಗಡಿಯಾಗಿದ್ದ ಆ ಹುಡುಗಿ ಹಿಂದಿನ ಸೀಟಿನಲ್ಲಿ ಮುಖಕ್ಕೆ ಮುಖ ತಾಗಿಸಿ ಕೂತು, ಹೀಗೆ ಕಚ್ಚಿ ಕಚ್ಚಿ ಗೆಳತಿಯರಿಗೆ ಹಂಚಿದ್ದಳು. ಮಲಗಿದ್ದವರೆಲ್ಲ ಅವರೇ.

"ನೀನು ತಿನ್ಲಿಲ್ವಾ?"

"ನಮ್ಮ ಟೀಮಿಗೆ ಕೊಡ್ಲೇ ಇಲ್ಲ ಮಿಸ್. ಅದಕ್ಕೇ ಅವಳ ಜೊತೆ ಟೂ ಬಿಟ್ಟು, ಮುಂದೆ ಡ್ರೈವರ್ ಹತ್ರ ಹೋಗಿಬಿಟ್ವಿ."

ಆ ಜಗಳಕ್ಕೆ ನಾನು ಮನಸ್ಸಿನಲ್ಲೇ ಕೈಮುಗಿದೆ. ಸೋಮವಾರ ತಂಡ ಆಡಿತು, ಗೆದ್ದೂ ಬಿಟ್ಟಿತು. ಅಷ್ಟರಲ್ಲಿ ಮಲಗಿದ್ದವರೂ ಗಂಜಿ ಬಿಟ್ಟು ಮುದ್ದೆಗೆ ಬಂದಿದ್ದರು. ಬೆಳಿಗ್ಗೆಯೆಲ್ಲ ಎಂಜಲಿನ ಬಗ್ಗೆ ಭಾಷಣ ಬಿಗಿದಿದ್ದ ಹೆಡ್‌ಮಾಸ್ಟರು ಗೆಲುವಿಗೆಂದು ಹಂಚಿ ಕೊನೆಗೆ ಉಳಿದ ಒಂದೇ ಪೇಡವನ್ನು ಖುಷಿಯಲ್ಲಿ ಕರ್ಚೀಫಿನಲ್ಲಿ ಸುತ್ತಿ, ಕಚ್ಚಿ, ಅರ್ಧ ನನ್ನ ಮುಂದೆ ಹಿಡಿದರು. "ತಗೊಳ್ಳಿ ಮೇಡಂ, ಗುಬ್ಬಿ ಎಂಜಲು, ಏನೂ ಆಗಲ್ಲ."

ನಾಯಕಿ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು. "ರೂಲ್ಸ್ ಅಂದ್ರೆ ರೂಲ್ಸ್ ಮಿಸ್. ಸಾರ್‌ನ ಐದು ದಿನ ಮನೇಲಿ ಕೂರಿಸಿ."