ಸಾಕಷ್ಟು ದಪ್ಪವಿಲ್ಲದವಳ ಬಿನ್ನಹ

ನಮ್ಮ ಆರೋಗ್ಯ ವಿಮಾ ಕಂಪನಿಯ ಅರ್ಹತಾ ಪರಿಶೀಲನಾಧಿಕಾರಿಗಳ ಸನ್ನಿಧಾನಕ್ಕೆ,

ಮಾನ್ಯರೇ,

ತಮಗೂ, ತಮ್ಮ ಮೇಜಿನ ಮೇಲಿನ ಕಂಪ್ಯೂಟರಿಗೂ, ಅದರೊಳಗೆ ಕೂತು ನಮ್ಮಂಥವರ ಹೊಟ್ಟೆ ಸೊಂಟಗಳ ಯೋಗಕ್ಷೇಮ ವಿಚಾರಿಸುತ್ತಿರುವ ನಿಯಮಾವಳಿಗೂ ಕಿಬ್ಬನಹಳ್ಳಿ ಕಡೆಯ ಕನ್ನಡ ಮೇಡಂ ಒಬ್ಬಳ ನಮಸ್ಕಾರಗಳು. ಇಲ್ಲಿ ನಾವೆಲ್ಲ ಕ್ಷೇಮ. ತಮ್ಮ ಕ್ಷೇಮಕ್ಕಂತೂ ನಾವು ವರ್ಷ ತಪ್ಪದೆ ಕಂತು ಕಟ್ಟುತ್ತಲೇ ಇದ್ದೇವೆ.

ನನ್ನ ಹೆಸರು ಗಿರಿಜಾಂಬಿಕಾ. ತುರುವೇಕೆರೆಯ ಒಂದು ಪ್ರೌಢಶಾಲೆಯಲ್ಲಿ ಪಾಠ ಹೇಳುತ್ತೇನೆ. ನಮ್ಮ ಯಜಮಾನರು ಪರಮಶಿವಯ್ಯನವರು ತೋಟ ನೋಡಿಕೊಂಡು ತಿಪಟೂರಿನ ಮಂಡಿಗೆ ಕೊಬ್ಬರಿ ಹಾಕುತ್ತಾರೆ. ಮನೆಯಲ್ಲಿ ನಮ್ಮಿಬ್ಬರ ಜೊತೆಗೆ ಅತ್ತೆಯವರಾದ ಪುಟ್ಟಗೌರಮ್ಮನವರಿದ್ದಾರೆ. ಒಬ್ಬರ ಎಲೆಯಲ್ಲಿ ಅನ್ನ ಮುಗಿಯುವ ಮೊದಲೇ ಇನ್ನೊಂದು ಸೌಟು ಬೀಳದಿದ್ದರೆ ಅದು ಮನೆತನಕ್ಕೇ ಅವಮಾನವೆಂದು ನಂಬಿದವರು ಅವರು. ಹೀಗಾಗಿ ನಾನು ದಪ್ಪಗಾದದ್ದರಲ್ಲಿ ಆಶ್ಚರ್ಯವೇನಿಲ್ಲ. ಆಶ್ಚರ್ಯವಿರುವುದು ಆ ದಪ್ಪ ತಮಗೆ ಸಾಲದೇ ಹೋದದ್ದರಲ್ಲಿ.

ಮೊದಮೊದಲು ಮೊಣಕಾಲು ಹಿಡಿಯಿತು. ಆಮೇಲೆ ಉಸಿರು ಹಿಡಿಯಿತು. ಬೆಳಗಿನ ಬಸ್ಸಿನ ಮೆಟ್ಟಿಲಿಗೆ ಕಾಲೆತ್ತಿ ಇಡಲಾಗದೆ ನಾನು ಕಂಬಿ ಹಿಡಿದು ತೂಗುತ್ತಿದ್ದರೆ ಒಳಗಿನವರು ಕಿಟಕಿಯಾಚೆ ನೋಡುವಷ್ಟು ಸಭ್ಯರಾಗಿಬಿಟ್ಟಿದ್ದರು. ಶಾಲೆಯಲ್ಲಿ ಹತ್ತನೇ ತರಗತಿ ಇರುವುದು ಮಹಡಿಯ ಮೇಲೆ. ನಾನು ಹತ್ತಿ ಹೋಗಿ, ಕುರ್ಚಿಯಲ್ಲಿ ಕೂತು, ಮಾತಾಡುವಷ್ಟು ಉಸಿರು ಕೂಡಿಸಿಕೊಳ್ಳುವ ಹೊತ್ತಿಗೆ ಮಕ್ಕಳು ಪಾಠವನ್ನು ತಾವೇ ಓದಿ ಮುಗಿಸಿರುತ್ತಿದ್ದರು. ಮುಖ್ಯೋಪಾಧ್ಯಾಯರಾದ ಸದಾಶಿವಯ್ಯನವರು ಒಳ್ಳೆಯವರು. ಅವರು ಒಂದು ಮಧ್ಯಾಹ್ನ ಕಾಫಿ ತರಿಸಿಕೊಟ್ಟು, ಸ್ವಯಂ ನಿವೃತ್ತಿ ಎಂಬುದು ಎಷ್ಟು ನೆಮ್ಮದಿಯ ವಿಚಾರ ಎಂದು ಬಹಳ ಹೊತ್ತು ವಿವರಿಸಿದರು. ನಾನು ಆ ಕಾಫಿಯನ್ನು ಅರ್ಧಕ್ಕೇ ಬಿಟ್ಟೆ. ಜೀವಮಾನದಲ್ಲಿ ನಾನು ಏನನ್ನಾದರೂ ಅರ್ಧಕ್ಕೆ ಬಿಟ್ಟದ್ದು ಅದೇ ಮೊದಲು.

ಮರುವಾರವೇ ತುಮಕೂರಿಗೆ ಹೋಗಿ ಶಸ್ತ್ರವೈದ್ಯರಾದ ಡಾಕ್ಟರ್ ಪವಿತ್ರಾ ಅವರನ್ನು ಕಂಡೆವು. ಹೊಟ್ಟೆಯ ಚೀಲವನ್ನು ಕಿರಿದು ಮಾಡುವ ಆಪರೇಷನ್ ನನಗೆ ಆಗಿಬರುತ್ತದೆಂದು ಅವರು ಹೇಳಿದರು. ಎತ್ತರಕ್ಕೂ ತೂಕಕ್ಕೂ ತಾಳೆ ಹಾಕಿ ತೆಗೆಯುವ ಸಂಖ್ಯೆ ನಲವತ್ತು ದಾಟಿದ್ದರೆ ವಿಮೆ ಸಿಗುತ್ತದೆ ಎಂದು ತಮ್ಮ ಕಂಪನಿಯೂ ಹೇಳಿತು. ನನ್ನದು ದಾಟಿತ್ತು. ನಾನು ಯಾವುದರಲ್ಲಾದರೂ ಮೊದಲ ದರ್ಜೆಯಲ್ಲಿ ತೇರ್ಗಡೆಯಾದದ್ದು ನೋಡಿ ಯಜಮಾನರಿಗೂ ಸಂತೋಷವಾಯಿತು.

ಆದರೆ ಡಾಕ್ಟರು ಒಂದು ಮಾತು ಹೇಳಿದ್ದರು. ನನ್ನ ಪಿತ್ತಜನಕಾಂಗಕ್ಕೆ ಕೊಬ್ಬು ಮೆತ್ತಿಕೊಂಡಿದೆ, ಅದು ಕುಗ್ಗದೆ ಒಳಗೆ ಕೈಯಾಡಿಸುವುದು ಅಪಾಯ, ಆದ್ದರಿಂದ ಸ್ವಲ್ಪ ತೂಕ ಇಳಿಸಿಕೊಂಡೇ ಬರಬೇಕು ಎಂದು. ನಾನು ವಿಧೇಯ ವಿದ್ಯಾರ್ಥಿನಿ. ಅಟ್ಟದ ತುಂಬ ತೆಂಗಿನಕಾಯಿ ಇರುವ ಮನೆಯಲ್ಲಿ ಕಾಯಿಯಿಲ್ಲದ ಪಲ್ಯ ತಿಂದೆ, ಮುದ್ದೆಯನ್ನು ನಿಂಬೆಹಣ್ಣಿನಷ್ಟಕ್ಕೆ ಇಳಿಸಿದೆ, ನೋಯುವ ಕಾಲೆಳೆದುಕೊಂಡು ತೋಟದ ಬದುವಿನ ಮೇಲೆ ನಡೆದೆ. ತಮ್ಮ ಅಡಿಗೆ ನನಗೆ ರುಚಿಸುತ್ತಿಲ್ಲವೆಂದುಕೊಂಡು ಅತ್ತೆಯವರು ಕೆಲವು ದಿನ ನನ್ನೊಂದಿಗೆ ಮಾತು ಬಿಟ್ಟರು. ಅಂತೂ ತೂಕ ಇಳಿಯಿತು. ಡಾಕ್ಟರು ಬೆನ್ನು ತಟ್ಟಿ ದಿನ ಗೊತ್ತು ಮಾಡಿದರು.

ಆಗ ಮಾನ್ಯರೇ, ತಮ್ಮ ಪತ್ರ ಬಂತು. ನನ್ನ ಸಂಖ್ಯೆ ನಲವತ್ತರ ಕೆಳಕ್ಕೆ ಇಳಿದಿರುವುದರಿಂದ ನನಗೀಗ ಶಸ್ತ್ರಚಿಕಿತ್ಸೆಯ ಅಗತ್ಯವಿಲ್ಲವೆಂದು ತಿಳಿಸಲು ತಾವು ಹರ್ಷಿಸಿದ್ದಿರಿ. ನಾನು ಫೋನು ಮಾಡಿದಾಗ ತಾವು ಖುದ್ದಾಗಿ ಎತ್ತಿ, ಬಹಳ ತಾಳ್ಮೆಯಿಂದ, "ರೂಲ್ಸ್ ಪ್ರಕಾರ ನೀವೀಗ ಅಷ್ಟು ದಪ್ಪ ಇಲ್ಲ ಮೇಡಂ" ಎಂದಿರಿ. ನನ್ನ ಮದುವೆಯಾದಾಗಿನಿಂದ ಯಾರೂ ಆಡದಿದ್ದ ಮಾತು. ಯಜಮಾನರಾದರೂ ಒಮ್ಮೆ ಸುಳ್ಳಿಗಾದರೂ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು! ಈ ಸುದ್ದಿಯನ್ನು ಎಡ ಮೊಣಕಾಲಿಗೆ ತಿಳಿಸಿದೆ. ಅದು ನಂಬಲಿಲ್ಲ. ಮೊಣಕಾಲು ನೋವು ತಮ್ಮ ಕಾಯಿಲೆಗಳ ಪಟ್ಟಿಯಲ್ಲಿಲ್ಲ ಎಂದೂ ತಾವೇ ತಿಳಿಸಿದ್ದಿರಿ. ಕೊನೆಗೆ ತಾವು ದನಿ ತಗ್ಗಿಸಿ, ಸ್ವಲ್ಪ ತೂಕ ಹೆಚ್ಚಿಸಿಕೊಂಡು ಮತ್ತೆ ಅರ್ಜಿ ಹಾಕಿದರೆ ನೋಡಬಹುದೆಂದು ದಾರಿ ತೋರಿದಿರಿ. ಆ ಉಪಕಾರವನ್ನು ನಮ್ಮ ಮನೆ ಮರೆಯುವುದಿಲ್ಲ.

ತಮ್ಮ ಆಜ್ಞೆ ಕೇಳಿ ಅತ್ತೆಯವರಿಗೆ ಹೋದ ಜೀವ ಬಂದಂತಾಯಿತು. ಇಷ್ಟು ತಿಳಿವಳಿಕೆಯಿರುವ ಕಂಪನಿ ಇನ್ನೊಂದಿಲ್ಲವೆಂದು ಕೊಂಡಾಡಿ ಒಲೆ ಹೊತ್ತಿಸಿದರು. ಬೆಳಗ್ಗೆ ಒತ್ತುಶಾವಿಗೆಗೆ ಬೆಲ್ಲದ ಕಾಯಿಹಾಲು, ಮಧ್ಯಾಹ್ನಕ್ಕೆ ಬುತ್ತಿಯಲ್ಲಿ ಕಾಯಿಹೋಳಿಗೆ, ಸಂಜೆ ಬಸ್ಸಿಳಿದು ಬಂದರೆ ಕೊಬ್ಬರಿ ಬೆಲ್ಲ. ತಿನ್ನಲಾರೆ ಎಂದರೆ, ಆಪರೇಷನ್ ಆಗುವುದು ಬೇಡವೇನೆಂದು ಗದರಿ ಇನ್ನೊಂದು ಸೌಟು ತುಪ್ಪ ಸುರಿಯುತ್ತಿದ್ದರು. ಬೆವರುತ್ತ, ಏದುತ್ತ, ತೆಳ್ಳಗಾಗಲೆಂದೇ ನಾನು ಉಂಡೆ. ಮೊದಲೇ ಅಂಚಿನಲ್ಲಿದ್ದ ಸಕ್ಕರೆ ಕಾಯಿಲೆ ಈ ಉಪಚಾರಕ್ಕೆ ಸೋತು ಒಳಗೆ ಬಂದೇ ಬಿಟ್ಟಿತು. ತೂಕವಿನ್ನೂ ತಮ್ಮ ಗೆರೆ ಮುಟ್ಟಿರಲಿಲ್ಲ. ಆದರೆ ಹೊಸ ಅರ್ಜಿಗೆಂದು ಕಳಿಸಿದ್ದ ರಕ್ತಪರೀಕ್ಷೆಯ ವರದಿ ನೋಡಿದ ತಾವು ಅದೇ ದಿನ ಫೋನು ಮಾಡಿದಿರಿ.

"ಒಳ್ಳೇ ಸುದ್ದಿ ಮೇಡಂ," ಎಂದಿರಿ ತಾವು. "ನಿಮಗೆ ಶುಗರ್ ಬಂದಿದೆ. ಹತೋಟಿಗೆ ಬಾರದ ಶುಗರ್ ಇದ್ದವರಿಗೆ ಮೂವತ್ತೈದು ದಾಟಿದ್ದರೂ ಸಾಕು."

ಫೋನಿನ ಸದ್ದು ದೊಡ್ಡದಾಗಿಟ್ಟಿದ್ದರಿಂದ ಪಕ್ಕದಲ್ಲಿ ಕಾಯಿ ತುರಿಯುತ್ತಿದ್ದ ಅತ್ತೆಯವರಿಗೂ ಅದು ಕೇಳಿಸಿತು. ಅವರು ಈಳಿಗೆ ಮಣೆಯಿಂದ ಎದ್ದು ಹಿತ್ತಲಿಗೆ ಹೋದರು. ಬಹಳ ಹೊತ್ತಾದರೂ ಬರಲಿಲ್ಲವೆಂದು ಹೋಗಿ ನೋಡಿದರೆ ಬಚ್ಚಲ ಕಟ್ಟೆಯ ಮೇಲೆ ಸೆರಗು ಬಾಯಿಗಿಟ್ಟುಕೊಂಡು ಕೂತಿದ್ದರು.

"ಕೈಯಾರೆ ನಿಂಗೆ ಕಾಯ್ಲೆ ಬಡಿಸ್ಬುಟ್ಟೆ ಕಣೇ ಗಿರಿಜಾ," ಎಂದರು.

ಈ ಒಂದು ಸಾಲನ್ನು ತಮ್ಮ ನಿಯಮಾವಳಿಯ ಯಾವ ಕಲಮಿನಡಿ ಬರೆದುಕೊಳ್ಳುವಿರೋ ನನಗೆ ತಿಳಿಯದು. ನಾನಂತೂ ಅವರ ಪಕ್ಕದಲ್ಲಿ ಕೂತೆ.

ಮುಂದಿನದನ್ನು ಚುಟುಕಾಗಿ ಹೇಳುತ್ತೇನೆ. ಸಕ್ಕರೆ ಹತೋಟಿಗೆ ಬಾರದೆ ಕತ್ತರಿ ಹಿಡಿಯುವುದಿಲ್ಲ, ತೂಕವನ್ನೂ ಮತ್ತೆ ಇಳಿಸಿ ಎಂದರು ಡಾಕ್ಟರು. ಹತೋಟಿಗೆ ಬಂದರೆ ಹಣ ಕೊಡುವುದಿಲ್ಲ, ಆಸ್ಪತ್ರೆಗೆ ಸೇರುವ ದಿನದ ರಕ್ತಪರೀಕ್ಷೆಯಲ್ಲೂ ಅದು ಕೆಟ್ಟಿರಲೇಬೇಕು ಎಂದಿರಿ ತಾವು. ಹೇಗಾದರೂ ಆಗಲಿ, ಆಸ್ಪತ್ರೆ ಸೇರುವತನಕ ಸಕ್ಕರೆಯ ಮಾತ್ರೆ ನುಂಗುವುದಿಲ್ಲವೆಂದು ನಾನು ಹಟ ಹಿಡಿದೆ. ನನಗೆ ಆ ಮಹಡಿಯ ತರಗತಿ ಬೇಕಿತ್ತು. ಅತ್ತೆಯವರು ಮಾತ್ರೆ, ನೀರು ಎರಡನ್ನೂ ತಂದು ಎದುರಿಗೆ ನಿಂತರು.

"ನೀನು ಈ ಮನೆಗೆ ಬಂದಿದ್ದು ಬಾಳಾಕೆ. ಅವ್ರ ಲೆಕ್ಕ ಸರಿ ಮಾಡಾಕಲ್ಲ. ನುಂಗು."

ನುಂಗಿದೆ. ಮರುದಿನ ಅವರು ತಮ್ಮ ಪಾಲಿನ ತೋಟದ ಕಾಯಿಯನ್ನು ಅಟ್ಟದಿಂದ ಇಳಿಸಿದರು. ವರ್ಷ ತುಂಬಿ ಕೊಬ್ಬರಿಯಾಗಲೆಂದು ಇಟ್ಟ ಕಾಯಿಯನ್ನು ನಡುವೆ ಇಳಿಸಿ, ಒಳಗಿನ್ನೂ ನೀರಾಡುವಾಗಲೇ ಮಾರುವುದು ನಮ್ಮ ಕಡೆ ಯಾರೂ ಮನಸ್ಸಿದ್ದು ಮಾಡುವ ಕೆಲಸವಲ್ಲ. ಇಲ್ಲಿ ಅಟ್ಟದ ಮೇಲಿನ ಕಾಯಿ ಒಣಗಿ ಹಗುರಾದಷ್ಟೂ ಅದಕ್ಕೆ ಬೆಲೆ. ಹಗುರಾದಷ್ಟೂ ಬೆಲೆ ಕಳೆದುಕೊಂಡವಳು ತಾಲ್ಲೂಕಿಗೆಲ್ಲ ನಾನೊಬ್ಬಳೇ. ಆಪರೇಷನ್ನಿನ ಖರ್ಚಿಗೆ ಇನ್ನೂ ಬೇಕಾದ ಹಣವನ್ನು ಯಜಮಾನರು ಹೊಂದಿಸಿದರು. ಸಕ್ಕರೆ ಹತೋಟಿಗೆ ಬಂದ ಮೇಲೆ ಡಾಕ್ಟರ್ ಪವಿತ್ರಾ ಅವರು ಆಪರೇಷನ್ ಮಾಡಿದರು. ತಮ್ಮ ತಿರಸ್ಕಾರ ಪತ್ರ ನನಗೆ ತಲುಪಿದ್ದು ವಾರ್ಡಿನಲ್ಲಿ, ಚಮಚದಲ್ಲಿ ಗಂಜಿ ಕುಡಿಯುತ್ತಿದ್ದಾಗ.

ಈಗ ನಾನು ಪುಟ್ಟ ಬಟ್ಟಲಿನಲ್ಲಿ ಊಟ ಮಾಡುತ್ತೇನೆ. ಆ ಬಟ್ಟಲನ್ನು ನೋಡಿದಾಗಲೆಲ್ಲ ಅತ್ತೆಯವರು ಮುಖ ತಿರುಗಿಸುತ್ತಾರೆ, ಆದರೆ ಬಡಿಸುವುದಿಲ್ಲ. ಕೂದಲು ಸ್ವಲ್ಪ ಉದುರಿದೆ, ಕಾಲುನೋವು ಪೂರ್ತಿ ಹೋಗಿಲ್ಲ. ಆದರೂ ಮಹಡಿ ಹತ್ತಿ, ನಿಂತುಕೊಂಡೇ ಪದ್ಯ ಓದುತ್ತೇನೆ. ನಿವೃತ್ತಿಯ ನೆಮ್ಮದಿಯ ಬಗ್ಗೆ ಸದಾಶಿವಯ್ಯನವರು ಈಚೆಗೆ ಮಾತೆತ್ತಿಲ್ಲ.

ಆದಕಾರಣ ತಮ್ಮಲ್ಲಿ ನನ್ನ ಅರಿಕೆ ಇಷ್ಟೇ. ಮುಂದೆ ಅರ್ಜಿ ಹಾಕುವವರು ಡಾಕ್ಟರ ಕೋಣೆಯಲ್ಲಿ ತೆಳ್ಳಗೂ ತಮ್ಮ ಕಚೇರಿಯಲ್ಲಿ ದಪ್ಪಗೂ ಇರಲು ಅನುಕೂಲವಾಗುವಂತೆ, ಬೇಕೆಂದಾಗ ಉಬ್ಬಿ ಬೇಡವೆಂದಾಗ ಇಳಿಯುವ ಒಂದು ಹೊಟ್ಟೆಯನ್ನು ಕಂಪನಿಯ ವತಿಯಿಂದಲೇ ಪೂರೈಸಬೇಕು. ಯಾವ ಕಾಯಿಲೆ ಬಂದರೆ ತಮಗೆ ಸಂತೋಷವೆಂಬುದನ್ನು ಮುಂಗಡವಾಗಿ ತಿಳಿಸಿದರೆ ಊಟಕ್ಕೆ ಕೂರುವ ಮೊದಲೇ ಅದನ್ನು ತರಿಸಿಕೊಳ್ಳಬಹುದು. ನನ್ನ ಎಡ ಮೊಣಕಾಲು ಇನ್ನೂ ತಮ್ಮ ತೀರ್ಪನ್ನು ಒಪ್ಪಿಲ್ಲವಾದ್ದರಿಂದ ಅದಕ್ಕೆ ಪ್ರತ್ಯೇಕವಾಗಿ ಒಂದು ಪತ್ರ ಬರೆಯುವ ಕೃಪೆಯೂ ಆಗಲಿ.

ಇಂತಿ,
ಯಾವ ತೂಕದಲ್ಲೂ ತಮಗೆ ಒಪ್ಪಿಗೆಯಾಗದ, ತಮ್ಮ ವಿಶ್ವಾಸಿ,
ಗಿರಿಜಾಂಬಿಕಾ

ಮರೆತ ಮಾತು: ಈ ಪತ್ರವನ್ನು ಲಕೋಟೆಗೆ ಹಾಕುವಷ್ಟರಲ್ಲಿ ತಮ್ಮ ಪ್ರಚಾರ ವಿಭಾಗದವರ ಪತ್ರ ಕೈಸೇರಿತು. ಇಷ್ಟೊಂದು ತೂಕ ಇಳಿಸಿದ ಗ್ರಾಹಕಿ ಎಂದು ಅಭಿನಂದಿಸಿ, ಹೊಸ ವರ್ಷದ ಕ್ಯಾಲೆಂಡರಿಗೆ ನನ್ನ ಮೊದಲಿನ ಮತ್ತು ಈಗಿನ ಫೋಟೋಗಳನ್ನು ಕೇಳಿದ್ದಾರೆ. ಈಗಿನದನ್ನು ಕಳಿಸಲು ಅಡ್ಡಿಯಿಲ್ಲ. ಆಪರೇಷನ್ನಿನ ಮುಂಚಿನ ದಿನ ತೆಗೆದ ಮೊದಲಿನದನ್ನು ಮಾತ್ರ ಕಳಿಸಲಾರೆ. ಅದರಲ್ಲಿರುವ ಹೆಂಗಸು ಅಷ್ಟು ದಪ್ಪ ಇಲ್ಲವೆಂದು ತಾವೇ ತೀರ್ಪು ಕೊಟ್ಟಿದ್ದೀರಿ.