ಕುದುರೆಗೆ ಕೊಟ್ಟ ಕೆಮ್ಮಿನ ಉಂಡಿ

ಬರಿಗೈಯಲ್ಲಿ ಯಾರ ಮನೆಗೂ ಹೋಗಬಾರದು ಎಂಬ ಪದ್ಧತಿ ನಮ್ಮ ಕಡೆ ದನದ ಕೊಟ್ಟಿಗೆಗೂ ಸಲ್ಲುತ್ತದೆ. ಮುರಗೋಡದಲ್ಲಿ ನಾವು ಬೀಗರ ಮನೆಗೆ ಹೋದರೆ, ಮೊದಲು ಎತ್ತಿನ ಮೈ ಸವರಿ, ಒಂದು ಚೂರು ಬೆಲ್ಲ ತಿನ್ನಿಸಿ, ಆಮೇಲೆ ಕಾಲು ತೊಳೆಯುತ್ತೇವೆ. ಇಷ್ಟು ಒಳ್ಳೆಯ ಪದ್ಧತಿಯಿಂದ ಒಂದು ಕುದುರೆಗೂ ನನ್ನ ಹೆಂಡತಿಯ ತಮ್ಮ ಈರಪ್ಪನಿಗೂ ಆದ ಹಾನಿಯನ್ನು ಇದ್ದದ್ದು ಇದ್ದ ಹಾಗೆ ಹೇಳಬೇಕಾಗಿದೆ. ಸವದತ್ತಿಯ ಕೋರ್ಟಿನಲ್ಲಿ ಮೂವತ್ತು ವರ್ಷ ಸಾಕ್ಷಿಗಳ ಹೇಳಿಕೆ ಟೈಪು ಮಾಡಿದವನು ನಾನು. ಹಾಗೆ ಹೇಳಲಾಗದೆ ತೊದಲುವವರನ್ನು ಕಂಡು ಒಳಗೊಳಗೇ ನಕ್ಕವನು.

ನನ್ನ ಮಾವ ಬೈಲಹೊಂಗಲದ ದನದ ಸಂತೆಯಲ್ಲಿ ಎತ್ತುಗಳಿಗೆ ಲಾಳ ಬಡಿಯುತ್ತಿದ್ದರು. ಈರಪ್ಪ ಅದೇ ಸುತ್ತಿಗೆ ಹಿಡಿದು ಬೆಂಗಳೂರಿಗೆ ಹೋದ. ಎತ್ತಿನಿಂದ ಕುದುರೆಗೆ ಬಂದ. ಅಲ್ಲಿ ನಡೆದ ಅಂತರರಾಷ್ಟ್ರೀಯ ಕುದುರೆ ಸವಾರಿ ಸ್ಪರ್ಧೆಯಲ್ಲಿ, ಹೊರದೇಶದ ಸವಾರಳೊಬ್ಬಳ ಹೆಣ್ಣುಗುದುರೆಗೆ ಲಾಳ ಕಟ್ಟುವ ಕೆಲಸ ಅವನದಾಗಿತ್ತು. ಕುದುರೆ ಬೇಲಿಗಳನ್ನು ಚೆನ್ನಾಗಿ ಹಾರಿದರೆ ಮುಂದಿನ ಸ್ಪರ್ಧೆಗೆ ಈರಪ್ಪನನ್ನೂ ತನ್ನ ದೇಶಕ್ಕೆ ಕರೆದೊಯ್ಯುವುದಾಗಿ ಅವಳು ಹೇಳಿದ್ದಳು. ಅವನು ಊರಿಗೆ ಬಂದು, ಗೆಳೆಯನ ಕೋಟು ತೊಟ್ಟು, ಪಾಸ್‌ಪೋರ್ಟಿಗೆ ಫೋಟೋ ಕೂಡ ತೆಗೆಸಿಕೊಂಡಿದ್ದ.

“ಮಾಮಾ, ಒಮ್ಮೆ ಬಂದು ಒಳಗಿಂದು ನೋಡ್ರಿ. ಗ್ಯಾಲರಿಯೊಳಗ ಕುಂತ ಮಂದಿಗೆ ಕುದರಿ ಹಾರೂದಷ್ಟ ಕಾಣತೈತಿ” ಎಂದು ನನ್ನ ಕೊರಳಿಗೂ ಒಂದು ಪಾಸು ಹಾಕಿಸಿದ.

ಲಾಯದೊಳಗೆ ಹೋದೆ. ಕುದುರೆಗೊಂದು ಕೋಣೆ, ಕೋಣೆಗೊಂದು ಫ್ಯಾನು, ಕಾಲಡಿಗೆ ರಬ್ಬರಿನ ಹಾಸು. ನನ್ನ ಹರ್ನಿಯಾ ಆಪರೇಷನ್ನಿನಲ್ಲಿ ನನಗೆ ಸಿಕ್ಕ ಫ್ಯಾನು ಮೂರು ಹಾಸಿಗೆಗೆ ಒಂದಿತ್ತು. ಬಾಗಿಲ ಮೇಲೆ, ಏನನ್ನೂ ತಿನ್ನಿಸಬಾರದು ಎಂಬ ಬೋರ್ಡಿತ್ತು. ನಾನು ಅದನ್ನು ಓದಿದೆ. ಓದಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಅದು ಹೊರಗಿನವರಿಗೆ. ನಾನು ಲಾಳ ಕಟ್ಟುವವನ ಅಕ್ಕನ ಗಂಡ ಎಂದುಕೊಂಡೆ.

ಈರಪ್ಪ ಮೊಳೆ ತರಲು ಹೋದ. ಕುದುರೆ ಬಾಗಿಲ ಮೇಲಿಂದ ಕತ್ತು ಚಾಚಿತು. ಕಿಸೆಯಲ್ಲಿ ಬೆಲ್ಲವಿರಲಿಲ್ಲ, ನನ್ನ ಕೆಮ್ಮಿಗೆಂದು ಹೆಂಡತಿ ಕಟ್ಟಿಕೊಟ್ಟ ಉಂಡಿಗಳಿದ್ದವು. ಒಂದು ಕೊಟ್ಟೆ. ಅದರ ಮೆತ್ತನೆಯ ತುಟಿ ನನ್ನ ಅಂಗೈಯನ್ನು ಒರೆಸಿಕೊಂಡು ಹೋಯಿತು. ಆಗ ಎಷ್ಟು ಸುಖವಾಯಿತೆಂಬುದನ್ನೂ ಹೇಳಲೇಬೇಕು.

ತಿರುಗಿ ಬಂದ ಈರಪ್ಪ ಅದರ ಬಾಯಿಗೆ ಅಂಟಿದ ಪುಡಿ ನೋಡಿದ. “ಏನ್ ಕೊಟ್ರಿ?”

“ಉಂಡಿ. ನಿಮ್ಮ ಅಕ್ಕ ಮಾಡಿದ್ದು.”

ಅವನು ಮೊಳೆಯ ಡಬ್ಬಿಯ ಮೇಲೇ ಕುಳಿತುಬಿಟ್ಟ. “ಮಾಮಾ, ಇದರ ರಕ್ತಾ ಪರೀಕ್ಷಾ ಮಾಡತಾರ್ರಿ. ಅದರಾಗ ಯಾವ ಔಷಧಾನೂ ಸಿಗಬಾರದು.”

ಮುಚ್ಚಿಡಬಹುದಿತ್ತು, ಬೇರೆ ಯಾರೂ ನೋಡಿರಲಿಲ್ಲ. ಈರಪ್ಪ ಎದ್ದು ಹೋಗಿ ತಾನೇ ಕುದುರೆ ಡಾಕ್ಟರನ್ನು ಕರೆತಂದ. ಉಂಡಿಯಲ್ಲಿ ಏನೇನಿದೆ ಬರೆದುಕೊಡಿ ಎಂದರು ಡಾಕ್ಟರು. ಮನೆಗೆ ಫೋನು ಮಾಡಿ ಕೇಳಿದೆ.

“ಯಾಕ್ರಿ, ಯಾರರ ಕೇಳಿದ್ರೇನು?” ಹೆಂಡತಿಯ ದನಿಯಲ್ಲಿ ಹೆಮ್ಮೆ.

“ಡಾಕ್ಟರ್ ಕೇಳಾಕತ್ತಾರ.”

“ಪಾಪ, ಅವರಿಗೂ ಕೆಮ್ಮೇನ್ರಿ?”

“ಅವರಿಗಲ್ಲ. ಕುದರಿಗೆ.”

“ಕುದರಿಗೆ ಕೆಮ್ಮ?”

ಕೊನೆಗೆ ಹೇಳಿದಳು: ಬೆಲ್ಲ, ಒಣಶುಂಠಿ, ಮೆಣಸು, ತುಪ್ಪ. “ಮತ್ತ ಮುನವಳ್ಳಿ ಮಠದ ಅಜ್ಜಾರು ಕೊಟ್ಟ ಪುಡಿ ಒಂದ ಚಮಚ.”

“ಅದರಾಗ ಏನೈತಿ?”

“ಅದನ್ನ ಕೇಳಬಾರದ್ರಿ. ಕೇಳಿದ್ರ ಗುಣಾ ಹೋಗತೈತಿ ಅಂತ ಹೇಳ್ಯಾರ.”

ಎರಡು ತಿಂಗಳು ನಾನೂ ಕೇಳದೆ ತಿಂದಿದ್ದೆ. ಡಾಕ್ಟರು ‘ಪುಡಿ’ ಎಂಬ ಪದದ ಮುಂದೆ ಒಂದು ಪ್ರಶ್ನೆಚಿಹ್ನೆ ಹಾಕಿದರು. ಅದರಲ್ಲಿ ಏನಿದೆಯೆಂದು ತಿಳಿಯದೆ ಇಳಿಸುವ ಹಾಗಿಲ್ಲವೆಂದು ಕುದುರೆಯನ್ನು ಸ್ಪರ್ಧೆಯಿಂದ ಹಿಂತೆಗೆಸಿದರು.

ಮೈದಾನದ ಮೈಕಿನಲ್ಲಿ ನಮ್ಮ ಕುದುರೆಯ ಸಂಖ್ಯೆ ಕೂಗಿದರು, ಸ್ವಲ್ಪ ತಡೆದು ಅದರ ಮುಂದಿನ ಸಂಖ್ಯೆ ಕೂಗಿದರು. ಈರಪ್ಪ ಕುದುರೆಯ ಕಾಲೆತ್ತಿ, ಬೆಳಿಗ್ಗೆ ತಾನೇ ಕಟ್ಟಿದ ಹೊಸ ಲಾಳವನ್ನು ಹೆಬ್ಬೆರಳಿನಿಂದ ಒರೆಸಿ, ಮೆಲ್ಲಗೆ ಕೆಳಗಿಟ್ಟ. ಸವಾರಳು ಹೋಗುವಾಗ ನನ್ನ ಕೈಕುಲುಕಿದಳು. ಬೈದಿದ್ದರೆ ಚೆನ್ನಾಗಿತ್ತು. ಈರಪ್ಪನ ಮುಂದೆ ತನ್ನ ದೇಶಕ್ಕೆ ಕರೆದೊಯ್ಯುವ ಮಾತು ಎತ್ತಲಿಲ್ಲ.

ಸ್ಪರ್ಧೆ ನಡೆಸುವವರು ನನ್ನಿಂದ ಒಂದು ಹೇಳಿಕೆ ಬರೆಸಿಕೊಂಡರು. ಬೋರ್ಡು ಓದಿದ್ದರಿಂದ ಹಿಡಿದು ಎಲ್ಲವನ್ನೂ ಬರೆದು, ಕೊನೆಗೊಂದು ಸಾಲು ಸೇರಿಸಿದೆ: ‘ಕುದುರೆಯೇ ಮೊದಲು ಬಾಯಿ ಚಾಚಿತು.’

ಈರಪ್ಪ ಹೆಗಲ ಮೇಲಿಂದ ಓದಿದ. “ಮಾಮಾ, ಅದಕ್ಕ ಮಾತು ಬರೂದಿಲ್ಲಂತ ಅದರ ಮ್ಯಾಲ ಹಾಕತೀರೇನು?”

ಮೂವತ್ತು ವರ್ಷ ನಾನು ನಕ್ಕದ್ದು ಇಂಥ ಸಾಲುಗಳಿಗೇ. ಹೊಡೆದುಹಾಕಿ ಸಹಿ ಮಾಡಿದೆ.

ಈರಪ್ಪ ಈಗಲೂ ಹಬ್ಬಕ್ಕೆ ಮುರಗೋಡಕ್ಕೆ ಬರುತ್ತಾನೆ, ಆ ಮಾತು ಎತ್ತುವುದಿಲ್ಲ. ಕೋಟಿನ ಫೋಟೋ ನಮ್ಮ ಪಡಸಾಲೆಯಲ್ಲಿದೆ. ನನ್ನ ಕೆಮ್ಮು ಪೂರ್ತಿ ವಾಸಿಯಾಗಿದೆ. ಅವನು ಬಂದಾಗ ಮಾತ್ರ, ಆ ಉಂಡಿ ನನ್ನ ಕಿಸೆಯಲ್ಲಿದ್ದದ್ದು ನಿಜಕ್ಕೂ ಕೆಮ್ಮಿಗೇ ಎಂದು ಅವನಿಗೆ ಅನಿಸಲಿ ಎಂದು, ಒಂದೆರಡು ಸಲ ಕೆಮ್ಮುತ್ತೇನೆ.