ಸಿರಿಗಂಧಾಳ ಕೊನೆಯ ಅಧ್ಯಾಯ

ಎಲ್ಲಾ ಎಡವಟ್ಟಿಗೂ ಮೂಲ, ಮಾತು ಕೇಳಿ ತಾನೇ ಬರೆದುಕೊಳ್ಳುವ ಆ ಫೋನಿಗೆ ಕುಷ್ಟಗಿ ಕನ್ನಡ ತಿಳಿಯದೇ ಇದ್ದದ್ದು. ಹಾಲೇಶ ಮನೆಯಲ್ಲಿ ಆಡುವ ಹಾಗೆ ಮಾತಾಡಿದರೆ ಅದು ಒಂದು ಹೇಳಿದರೆ ಇನ್ನೊಂದು ಬರೆದುಕೊಳ್ಳುತ್ತಿತ್ತು. ಅದಕ್ಕೇ ಅವನು ದಿನಾ ಮುಂಜಾನೆ ಮಾಳಿಗೆ ಹತ್ತಿ, ನೀರಿನ ಟಾಕಿಯ ಹಿಂದೆ ನಿಂತು, ಸಾಲಿ ಮಾಸ್ತರರ ಹಾಗೆ ಪುಸ್ತಕದ ಕನ್ನಡದಲ್ಲಿ ಗಟ್ಟಿಯಾಗಿ ಒದರಬೇಕಾಗಿತ್ತು. ಹಾಗೆ ಒದರಿ ಒದರಿ ಒಂದು ಪ್ರೇಮ ಕಾದಂಬರಿ ಕೊನೆಯ ಅಧ್ಯಾಯಕ್ಕೆ ಬಂದು ನಿಂತಿತ್ತು.

ಹಗಲೆಲ್ಲ ಬೀಜ-ಗೊಬ್ಬರದ ಅಂಗಡಿಯಲ್ಲಿ ಯೂರಿಯಾ ಚೀಲ ಮಾರುವ ಗಂಡಸು ಪ್ರೇಮದ ಕತೆ ಬರೆಯುತ್ತಾನೆಂದರೆ ಊರು ಬಿಟ್ಟೀತೇ? ಆದ್ದರಿಂದ ಫೋನಿನ ಕತೆಯ ಆ್ಯಪಿನಲ್ಲಿ ಅವನು 'ಸಿರಿಗಂಧಾ' ಆಗಿದ್ದ. ಓದುವವರೆಲ್ಲ ಅವನನ್ನು ಅಕ್ಕಾ ಅಂತಲೇ ಕರೆಯುತ್ತಿದ್ದರು. ಹಡೆದವ್ವ ಪಾರ್ವತೆಮ್ಮನಿಗೂ ಈ ಸುದ್ದಿ ಗೊತ್ತಿರಲಿಲ್ಲ.

ಅವತ್ತು ಯಲಬುರ್ಗಾದಿಂದ ಹೆಣ್ಣಿನ ಕಡೆಯವರು ಮನೆ ನೋಡಲು ಬರುವವರಿದ್ದರು. ಹೆಣ್ಣಿನ ಹೆಸರು ಭವಾನಿ. ಹೋದ ವಾರ ಅವಳನ್ನು ನೋಡಲು ಹೋದಾಗ ಹಾಲೇಶ ಉಪ್ಪಿಟ್ಟಿನ ಪ್ಲೇಟಿನಿಂದ ತಲೆ ಎತ್ತಿರಲಿಲ್ಲ. ಕತೆಯಲ್ಲಿ ಅಷ್ಟು ಮಾತು ಸುರಿಸುವವನಿಗೆ ಎದುರಿಗೆ ಹುಡುಗಿ ಕೂತರೆ ನಾಲಿಗೆ ಹೊರಳುತ್ತಿರಲಿಲ್ಲ. ಹೊರಡುವ ಹೊತ್ತಿಗೆ ಅವಳು ಒಳಗೆ ಯಾರ ಜೊತೆಗೋ ನಕ್ಕದ್ದು ಕೇಳಿಸಿತು, ಅಷ್ಟೇ. ಆ ನಗು ಅವನ ಎದೆಯಲ್ಲಿ ಕೂತದ್ದು ಏಳಲೇ ಇಲ್ಲ. ಮದುವೆಯಾದರೆ ಇವಳನ್ನೇ, ಇಲ್ಲದಿದ್ದರೆ ಯಾರೂ ಬೇಡ ಅಂತ ಅವನು ತೀರ್ಮಾನಿಸಿಬಿಟ್ಟಿದ್ದ. ಮೂವತ್ತು ದಾಟಿದ ಗೊಬ್ಬರದ ಅಂಗಡಿಯವನಿಗೆ ಬೇರೆ ಯಾರೂ ಸಿಗುವ ಹಾಗೂ ಇರಲಿಲ್ಲ ಅನ್ನಿ.

ಇಂಥ ದಿನವಾದರೂ ಸುಮ್ಮನಿರಬಾರದೇ? ಕೊನೆಯ ಅಧ್ಯಾಯ ಅವತ್ತು ಸಂಜೆಗೆ ಹಾಕುತ್ತೇನೆಂದು ಓದುಗರಿಗೆ ಮಾತು ಕೊಟ್ಟಿದ್ದ. ನಾಯಕಿ ಮಂದಾಕಿನಿ ಹಿರಿಯರು ಗೊತ್ತುಮಾಡಿದ ವರನನ್ನು ಬೇಡವೆನ್ನುವ ಘಟ್ಟ. ಹಾಲೇಶ ಟಾಕಿಯ ಹಿಂದೆ ನಿಂತು ಎದೆ ತುಂಬಿ ಹೇಳಿದ:

"ಹಿರಿಯರು ಒಪ್ಪಿದರೆ ಸಾಕೇ? ಬಾಳಬೇಕಾದವರು ನಾವು. ನನ್ನೊಡನೆ ಒಂದು ಮಾತೂ ಆಡದವರ ಜೊತೆ ಜೀವಮಾನವೆಲ್ಲ ಹೇಗೆ ಬಾಳಲಿ? ನನಗೆ ಈ ಸಂಬಂಧ ಬೇಡ."

ಫೋನು ಒಂದೇ ಸಲಕ್ಕೆ ಬರೆದುಕೊಳ್ಳಲಿಲ್ಲ. ಮತ್ತೆ ಹೇಳಿದ, ಮತ್ತೂ ಹೇಳಿದ. ಕೊನೆಗೆ ತನ್ನ ಮಾತಿಗೆ ತಾನೇ ಕರಗಿ ಕಣ್ಣೊರೆಸಿಕೊಂಡು ತಿರುಗಿದರೆ, ಪಕ್ಕದ ಮಾಳಿಗೆಯಲ್ಲಿ ಮೆಣಸಿನಕಾಯಿ ಹರವುತ್ತಿದ್ದ ನೆರೆಮನೆಯ ಬಾನುಬೀ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದಳು.

"ಚಿಂತಿ ಮಾಡಬ್ಯಾಡಪಾ ಹಾಲೇಶಾ," ಅಂದಳು. "ನಿಮ್ಮವ್ವಗ ಅಂಜಿ ನೀ ಬಾಯಿ ಬಿಡವಲ್ಲಿ. ಬಂದೋರಿಗಿ ನಾ ಹೇಳ್ತೀನಿ."

ಹಾಲೇಶನ ಜೀವ ಬಾಯಿಗೆ ಬಂತು. ಹಾಗಲ್ಲ ಚಾಚಿ, ಅದು ಬೇರೆ ಏನೋ, ಅಂತ ಗೋಗರೆದ. ಏನು ಅಂತ ಕೇಳಿದರೆ ಹೇಳುವ ಹಾಗಿರಲಿಲ್ಲ. ಕೆಳಗೆ ಅವ್ವ ಬೀಗರಿಗೆಂದು ಮಾಡಿದ ಸಿಹಿ ಮಾದಲಿಗೆ ತುಪ್ಪ ಕಾಯಿಸುತ್ತಿದ್ದಳು, ಅವಳಿಗೆ ಕೇಳಿಸಿಬಿಟ್ಟರೆ? ಅವನು ತೊದಲಿದಷ್ಟೂ ಬಾನುಬೀಗೆ ನಂಬಿಕೆ ಗಟ್ಟಿಯಾಯಿತು.

ಈ ಕಡೆ ಮನೆ ನೋಡಲು ಬಂದವರು ವರನ ಹೊಸ್ತಿಲು ತುಳಿಯುವ ಮೊದಲು ನೆರೆಮನೆಯಲ್ಲಿ ನೀರು ಕುಡಿಯುತ್ತಾರೆ. ನೀರು ಒಂದು ನೆಪ. ಹುಡುಗ ಕುಡಿಯುತ್ತಾನೋ, ಇಸ್ಪೀಟು ಆಡುತ್ತಾನೋ, ಅವನವ್ವ ಜಗಳಗಂಟಿಯೋ, ಎಲ್ಲ ಆ ಒಂದು ತಂಬಿಗೆ ನೀರಿನ ಜೊತೆ ತಿಳಿದುಬಿಡುತ್ತದೆ. ಹಾಲೇಶ ತಲೆ ಓಡಿಸಿದ. ನೀರಡಿಕೆಯೇ ಆಗದ ಹಾಗೆ ಮಾಡಿದರೆ?

ಬಸ್‌ಸ್ಟ್ಯಾಂಡಿಗೇ ಹೋಗಿ ನಿಂತ. ಬಸ್ಸಿನಿಂದ ಭವಾನಿಯ ಅಪ್ಪ ಕೊಟ್ರಪ್ಪನೂ ಅವಳ ಸೋದರಮಾವ ಶರಣಬಸಪ್ಪನೂ ಇಳಿದರು. ಇಳಿದವರ ಕೈಗೆ ಒಂದೊಂದು ದೊಡ್ಡ ನೀರಿನ ಬಾಟಲಿ ಕೊಟ್ಟು, ಬಿಸಿಲು ಭಾಳ ಐತ್ರಿ, ಪೂರ್ತಿ ಕುಡೀರಿ ಅಂತ ಬೆನ್ನು ಹತ್ತಿದ. ಮೇಲೆ ಸೋಡಾ ಬೇರೆ ಕುಡಿಸಿದ. ಹುಡುಗ ಭಾರಿ ಮರ್ಯಾದಸ್ಥ ಅಂತ ಇಬ್ಬರೂ ಖುಷಿಯಾದರು. ಆಟೋದಲ್ಲಿ ಕೂರಿಸಿಕೊಂಡು ಹೊರಟ.

ಓಣಿಯ ಬಾಯಿಗೆ ಬಂದರೆ ಚರಂಡಿಗೆ ಅಂತ ರಸ್ತೆ ಅಗೆದು ಹಾಕಿದ್ದಾರೆ. ಆಟೋ ನಿಂತಿತು. ನಿಂತದ್ದು ಬಾನುಬೀಯ ಬಾಗಿಲಿಗೆ ಸರಿಯಾಗಿ. ನಮ್ಮ ಮನಿ ಇನ್ನೂ ನಾಕು ಹೆಜ್ಜಿ ಐತ್ರಿ ಅಂತ ಹಾಲೇಶ ಅನ್ನುವಷ್ಟರಲ್ಲಿ, ಅಷ್ಟು ನೀರು ಕುಡಿದ ಕೊಟ್ರಪ್ಪನಿಗೆ ತಡೆಯದಾಯಿತು. "ತಂಗೀ, ಪಾಯಖಾನಿ ಎಲ್ಲಿ ಐತವಾ?" ಅಂತ ಬಾನುಬೀಯ ಮನೆಯೊಳಗೇ ನುಗ್ಗಿದ. ತಾನು ತೋಡಿದ ಬಾವಿಯಲ್ಲಿ ತಾನೇ ಬಿದ್ದ ಹಾಲೇಶ.

ಹೊರಬಂದ ಕೊಟ್ರಪ್ಪನನ್ನೂ, ಹಾಲೇಶನೊಡನೆ ಒಳಬಂದ ಶರಣಬಸಪ್ಪನನ್ನೂ ಬಾನುಬೀ ಕೂರಿಸಿದಳು. ಸುತ್ತುಬಳಸಿ ಮಾತಾಡುವವಳೇ ಅಲ್ಲ ಅವಳು.

"ಹುಡುಗ ಬಂಗಾರದಂಥಾಂವ್ರಿ, ಸುಳ್ಳು ಹೇಳಾಂಗಿಲ್ಲ. ಆದ್ರ ಈ ಸಂಬಂಧ ಅವಗ ಮನಸಿಲ್ಲ. ಮುಂಜಾನಿ ಮಾಳಗಿ ಮ್ಯಾಲ ನಿಂತು ಬ್ಯಾಡ ಬ್ಯಾಡ ಅಂತ ಅತ್ತಾನ."

ಕೊಟ್ರಪ್ಪನ ಮುಖ ಕಪ್ಪಿಟ್ಟಿತು. ಅಷ್ಟರಲ್ಲಿ ಬೀಗರನ್ನು ಕರೆಯಲು ಬಂದ ಪಾರ್ವತೆಮ್ಮ ಬಾಗಿಲಲ್ಲೇ ಇದನ್ನೆಲ್ಲ ಕೇಳಿಸಿಕೊಂಡು ಹೊಸ್ತಿಲ ಮೇಲೆ ಕುಸಿದಳು. "ಯಾರಲೇ ಅಕಿ, ನೀ ಮನಸು ಕೊಟ್ಟಾಕಿ?" ಅಂತ ಮಗನನ್ನು ಕೇಳಿದಳು. ಕೊಟ್ರಪ್ಪ ಚಪ್ಪಲಿ ಹುಡುಕತೊಡಗಿದ.

ಆ ಚಪ್ಪಲಿ ಹೊರಟರೆ ಭವಾನಿಯೂ ಹೊರಟಂತೆ. ಹಾಲೇಶನಿಗೆ ಮಾನಕ್ಕಿಂತ ಆ ನಗು ದೊಡ್ಡದಾಗಿ ಕಂಡಿತು. ಅಲ್ಲೇ ನಿಂತು ಎಲ್ಲ ಒಪ್ಪಿಕೊಂಡ. ಅದು ನನ್ನ ಮಾತಲ್ಲ, ಮಂದಾಕಿನಿಯದು. ಕತೆ ಬರೆಯುವ ಸಿರಿಗಂಧಾ ನಾನೇ.

ಯಾರೂ ನಗಲಿಲ್ಲ, ಯಾಕೆಂದರೆ ಯಾರೂ ನಂಬಲಿಲ್ಲ. ಶರಣಬಸಪ್ಪನಂತೂ ಎದ್ದೇ ನಿಂತ. ಅವರ ಮನೆಯಲ್ಲಿ ದಿನಾ ಊಟವಾದ ಮೇಲೆ ಭವಾನಿ ಆ ಕಾದಂಬರಿ ಓದುತ್ತಾಳಂತೆ, ಮನೆಮಂದಿಯೆಲ್ಲ ಕೂತು ಕೇಳುತ್ತಾರಂತೆ, ಮಂದಾಕಿನಿಯ ಕಷ್ಟಕ್ಕೆ ತಾನೇ ಎರಡು ಸಲ ಅತ್ತಿದ್ದಾನಂತೆ.

"ಯೂರಿಯಾ ಮಾರಾಂವ ಸಿರಿಗಂಧಾ ಅಕ್ಕ ಆಗ್ತಾನೇನು?" ಅಂದ. "ಖರೇ ಇದ್ರ ಕೊನೀ ಅಧ್ಯಾಯ ಈಗ ಹಾಕು. ನಮ್ಮ ಕಣ್ಣೆದುರಿಗೆ."

ಹಾಲೇಶ ಫೋನು ತೆಗೆದು ಅಧ್ಯಾಯ ಹಾಕುವ ಗುಂಡಿ ಒತ್ತಿದ. ಎಲ್ಲರೂ ಅದೇ ಆ್ಯಪು ಇದ್ದ ಶರಣಬಸಪ್ಪನ ಫೋನನ್ನೇ ನೋಡುತ್ತ ಕೂತರು. ಅದು ಟಿಣ್ ಅಂತು. ಶರಣಬಸಪ್ಪ ಕನ್ನಡಕ ಹಾಕಿಕೊಂಡು ಒಂದು ಸಾಲು ಓದಿ ಹಾಲೇಶನನ್ನು ಅಪ್ಪಿಕೊಂಡೇಬಿಟ್ಟ.

ಆಮೇಲೆ ಕೇಳಬೇಕೇ? ಕೊಟ್ರಪ್ಪ ನಗುತ್ತ ಚಪ್ಪಲಿ ಬಿಟ್ಟ. ಪಾರ್ವತೆಮ್ಮ, ಹೋಗಲಿ ಬಿಡು, ಇದಕ್ಕಿಂತ ಕೆಟ್ಟ ಚಟ ಇರಲಿಲ್ಲವಲ್ಲ ಅಂತ ಸಮಾಧಾನ ಮಾಡಿಕೊಂಡಳು. ಬಾನುಬೀ ತನ್ನ ತಪ್ಪಿಗೆ ತಾನೇ ಸಕ್ಕರೆ ಡಬ್ಬಿ ತಂದಳು. ಬೀಗರು ಒಬ್ಬರ ಬಾಯಿಗೆ ಒಬ್ಬರು ಸಕ್ಕರೆ ಹಾಕಿದರು. ಸಕ್ಕರೆ ಬಾಯಿಗೆ ಬಿತ್ತೆಂದರೆ ಮಾತು ಆದಂತೆಯೇ. ಹಾಲೇಶನಿಗೆ ನಿಂತ ನೆಲ ಕಾಣಲಿಲ್ಲ.

ಈ ಸಿಹಿಸುದ್ದಿ ಮಗಳಿಗೆ ಹೇಳೋಣ ಅಂತ ಕೊಟ್ರಪ್ಪ ಫೋನು ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಇಟ್ಟ. ಅವನು ಬಾಯಿ ತೆರೆಯುವ ಮೊದಲೇ ಭವಾನಿ ಶುರುಮಾಡಿದಳು. ಯಲಬುರ್ಗಾದ ಹುಡುಗಿ, ಅಪ್ಪನ ಜೊತೆ, ಪುಸ್ತಕದ ಕನ್ನಡದಲ್ಲಿ.

"ಅಪ್ಪಾ, ಹಿರಿಯರು ಒಪ್ಪಿದರೆ ಸಾಕೇ? ಬಾಳಬೇಕಾದವರು ನಾವು. ನನ್ನೊಡನೆ ಒಂದು ಮಾತೂ ಆಡದವರ ಜೊತೆ ಜೀವಮಾನವೆಲ್ಲ ಹೇಗೆ ಬಾಳಲಿ? ನನಗೆ ಈ ಸಂಬಂಧ ಬೇಡ."

ಈಗ ತಾನೇ ಹಾಕಿದ ಅಧ್ಯಾಯದ ಒಂದಕ್ಷರ ತಪ್ಪಿರಲಿಲ್ಲ. ಕೊಟ್ರಪ್ಪನ ಬಾಯಲ್ಲಿ ಸಕ್ಕರೆ ಹಾಗೇ ಉಳಿಯಿತು. ತಡವರಿಸುತ್ತ, ಅದನ್ನ ಬರೆದಾಂವ ಇಂವನೇ ಐದಾನವಾ, ಈ ವರನೇ ಸಿರಿಗಂಧಾ ಅಂದ.

 ಅದನ್ನು ಕೇಳಿದ್ದೇ ಭವಾನಿ ಮನೆಮಾತಿಗೆ ಇಳಿದಳು.

"ಉಪ್ಪಿಟ್ಟಿನ ಪ್ಲೇಟ್ ಬಿಟ್ಟು ತಲಿ ಎತ್ತಲಾರದಾಂವ ಹೆಣ್ಣಿನ ಮನಸು ಬರೀತಾನೇನು? ನಿಮಗ ಯಾರೋ ಟೋಪಿ ಹಾಕ್ಯಾರ. ಮಾತಾಡದಿದ್ರ ಹೋಗ್ಲಿ, ಸುಳ್ಳು ಹೇಳಾವ್ರಂತೂ ಬ್ಯಾಡೇ ಬ್ಯಾಡ."

ಎಲ್ಲರೂ ಹಾಲೇಶನತ್ತ ತಿರುಗಿದರು. ಮಾತಾಡು, ಒಂದು ಮಾತಾದರೂ ಆಡು ಅಂತ ಶರಣಬಸಪ್ಪ ಕೈಸನ್ನೆ ಮಾಡಿದ. ಹಾಲೇಶ ಫೋನಿನ ಹತ್ತಿರ ಬಾಯಿ ತಂದ. ನಾಲಿಗೆ ಹೊರಳಲಿಲ್ಲ. ಫೋನು ಕಟ್ಟಾಯಿತು.

ಕೊಟ್ರಪ್ಪ ಈ ಸಲ ಚಪ್ಪಲಿ ಬೇಗ ಹುಡುಕಿಕೊಂಡ. ಅವರು ಓಣಿ ದಾಟುವ ಹೊತ್ತಿಗೆ ಹಾಲೇಶನ ಕಿಸೆಯಲ್ಲಿ ಫೋನು ಟಿಣ್ ಅಂತು. ಕೊನೆಯ ಅಧ್ಯಾಯಕ್ಕೆ ಮೊದಲ ಓದುಗಾರ್ತಿ ಐದು ನಕ್ಷತ್ರ ಕೊಟ್ಟಿದ್ದಳು. ಕೆಳಗೆ ಬರೆದಿದ್ದಳು: "ಅಕ್ಕಾ, ನಿಮ್ಮಿಂದಲೇ ನನಗೆ ಧೈರ್ಯ ಬಂತು. ಇವತ್ತು ನಾನು ಪಾರಾದೆ. ಇಂತಿ ನಿಮ್ಮ ತಂಗಿ ಭವಾನಿ, ಯಲಬುರ್ಗಾ."